ಶಿಕ್ಷೆಯಾದವರ ಡಿಎನ್‌ಎ ಮಾದರಿ: ಕರ್ನಾಟಕದಲ್ಲಿ ಯಾವ ಕಾಯಿದೆ, ಎಷ್ಟು ವರ್ಷ, ಅಳಿಸುವುದು ಹೇಗೆ?

ಮರಾಠಿಕೊಪ್ಪ_ಜೂನಿಯರ್ (ಶಿರಸಿ)

ಹಿರಿಯರಿಗೆ ನಮಸ್ಕಾರ. ಶಿರಸಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಐಪಿಸಿ (ಹಳೆಯ ದಂಡ ಸಂಹಿತೆ) 326ರ, ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ ಅಪರಾಧದ, ಕೆಳಗೆ ಎರಡು ವರ್ಷ ಶಿಕ್ಷೆಯಾದ ಕಕ್ಷಿದಾರರೊಬ್ಬರ ವಿಷಯ. ಸೆಷನ್ಸ್ ಕೋರ್ಟಿನಲ್ಲಿ ಅಪೀಲು ಬಾಕಿ ಇದೆ, ಶಿಕ್ಷೆ ಅಮಾನತಾಗಿ ಜಾಮೀನಿನ ಮೇಲೆ ಹೊರಗಿದ್ದಾರೆ. ಈಗ ಠಾಣೆಯಿಂದ ಫೋನು: ಬೆರಳಚ್ಚು, ಫೋಟೊ, ಜೊತೆಗೆ ಡಿಎನ್‌ಎಗೆ ರಕ್ತವೋ ಎಂಜಲೋ ಕೊಡಲು ಬರಬೇಕಂತೆ. ಪ್ರಕರಣದಲ್ಲಿ ಡಿಎನ್‌ಎ ಪುರಾವೆಯೇ ಇರಲಿಲ್ಲ. ಕತ್ತಿ, ಗಾಯದ ಸರ್ಟಿಫಿಕೇಟು, ಕಣ್ಣಾರೆ ಕಂಡ ಸಾಕ್ಷಿಗಳು, ಅಷ್ಟೇ.

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಶಿಕ್ಷಿತರ ಡಿಎನ್‌ಎ ಬ್ಯಾಂಕಿನದೇ ಕಾಯಿದೆ ಇದೆ ಎಂದು ಓದಿದ್ದೇನೆ. ಕರ್ನಾಟಕಕ್ಕೆ ಅಂಥದ್ದು ಇದೆಯೇ? ಇಲ್ಲದಿದ್ದರೆ ಯಾವ ಅಧಿಕಾರದಿಂದ ಕೇಳುತ್ತಾರೆ? ಇವರು ಒಲ್ಲೆ ಎನ್ನಬಹುದೇ? ಕೊಟ್ಟ ಮೇಲೆ ಅಪೀಲಿನಲ್ಲಿ ಖುಲಾಸೆಯಾದರೆ ಆ ಮಾದರಿಯ ಗತಿ ಏನು? ಮಾದರಿ ತೆಗೆಯುವಾಗ ನಾವು ಏನೇನು ನೋಡಿಕೊಳ್ಳಬೇಕು?

ಕೋಡಿಬಾಗ_ವಕಾಲತ್ತು (ಕಾರವಾರ)

ಡಿಎನ್‌ಎ ಬ್ಯಾಂಕಿಗೆಂದೇ ಮಾಡಿದ ಕಾಯಿದೆ ಕರ್ನಾಟಕಕ್ಕೂ ಇಲ್ಲ, ದೇಶಕ್ಕೂ ಇಲ್ಲ. ಮಾದರಿ ತೆಗೆಯುವ ಅಧಿಕಾರ ಮಾತ್ರ ಧಾರಾಳವಾಗಿದೆ. ಈ ಎರಡನ್ನೂ ಒಂದೇ ಎಂದುಕೊಂಡು ವಾದಿಸಲು ಹೋದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಅಧಿಕಾರ ಬರುವುದು ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯಿದೆ, 2022ರಿಂದ. ಜಾರಿಗೆ ಬಂದದ್ದು 2022ರ ಆಗಸ್ಟ್ 4ರಂದು, ನಿಯಮಗಳು ಅದೇ ಸೆಪ್ಟೆಂಬರಿನಲ್ಲಿ. ಕಲಂ 2ರಲ್ಲಿ ‘ಅಳತೆ’ ಎಂದರೆ ಏನು ಎಂಬ ಪಟ್ಟಿ ಓದಿ. ಬೆರಳಚ್ಚು, ಅಂಗೈ, ಪಾದ, ಫೋಟೊ, ಕಣ್ಣಿನ ಪಾಪೆ ಮತ್ತು ರೆಟಿನಾ ಸ್ಕ್ಯಾನ್, ಸಹಿ, ಕೈಬರಹ, ಇವುಗಳ ನಡುವೆಯೇ ‘ಜೈವಿಕ ಮಾದರಿಗಳು ಮತ್ತು ಅವುಗಳ ವಿಶ್ಲೇಷಣೆ’ ಎಂದಿದೆ. ಡಿಎನ್‌ಎ ಎಂಬ ಮೂರಕ್ಷರ ಅಲ್ಲಿ ಬರೆದಿಲ್ಲ. ಆದರೆ ಅದೇ ಪಟ್ಟಿ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 53 ಮತ್ತು 53ಎ ಕಲಮುಗಳ ವೈದ್ಯಕೀಯ ಪರೀಕ್ಷೆಗಳನ್ನೂ ಎಳೆದುಕೊಳ್ಳುತ್ತದೆ, ಅವುಗಳಲ್ಲಿ ಡಿಎನ್‌ಎ ಪ್ರೊಫೈಲಿಂಗ್ ಸ್ಪಷ್ಟವಾಗಿದೆ. ಈಗ ಅವು ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 51 ಮತ್ತು 52.

ಕಲಂ 3ರ ಪ್ರಕಾರ ಯಾವುದೇ ಕಾನೂನಿನ ಕೆಳಗೆ ಶಿಕ್ಷಾರ್ಹವಾದ ಯಾವುದೇ ಅಪರಾಧದಲ್ಲಿ ದೋಷಿ ಎಂದಾದವನು ಕೇಳಿದಾಗ ಕೊಡಬೇಕು. 1920ರ ಬಂದಿಗಳ ಗುರುತಿನ ಕಾಯಿದೆಯಲ್ಲಿ ಒಂದು ವರ್ಷ ಕಠಿಣ ಶಿಕ್ಷೆ ಎಂಬ ಹೊಸ್ತಿಲಾದರೂ ಇತ್ತು, ಈಗ ಅದೂ ಇಲ್ಲ. ನಿಮ್ಮ ಪ್ರಕರಣದಲ್ಲಿ ಡಿಎನ್‌ಎ ಪುರಾವೆ ಇರಲಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಕಾಯಿದೆ ನೋಡುವುದು ಮುಗಿದ ಪ್ರಕರಣವನ್ನಲ್ಲ, ಮುಂದಿನದನ್ನು.

ಅಪೀಲು ಬಾಕಿ ಇದೆಯಲ್ಲ ಎನ್ನುತ್ತೀರಿ. ಬಿಎನ್‌ಎಸ್‌ಎಸ್ 430ರ ಕೆಳಗೆ ಅಮಾನತಾದದ್ದು ಶಿಕ್ಷೆ, ದೋಷಿ ಎಂಬ ತೀರ್ಮಾನವಲ್ಲ. ಆ ತೀರ್ಮಾನಕ್ಕೇ ತಡೆ ತಂದಿದ್ದರೆ ವಾದಕ್ಕೆ ಜಾಗವಿತ್ತು. ಆದೇಶದ ಕೊನೆಯ ಪ್ಯಾರಾ ಇನ್ನೊಮ್ಮೆ ಓದಿಕೊಳ್ಳಿ.

ರಾಜ್ಯದ ಕಾಯಿದೆ ಕೇಳಿದಿರಿ. 2021ರ ಸೆಪ್ಟೆಂಬರಿನಲ್ಲಿ ನಮ್ಮ ವಿಧಾನ ಮಂಡಲ 1920ರ ಕಾಯಿದೆಗೆ ಕರ್ನಾಟಕ ತಿದ್ದುಪಡಿ ಮಸೂದೆ ಅಂಗೀಕರಿಸಿತ್ತು. ರಕ್ತ, ಡಿಎನ್‌ಎ, ಧ್ವನಿ, ಐರಿಸ್ ಸ್ಕ್ಯಾನ್ ಸೇರಿಸುವುದೇ ಅದರ ಉದ್ದೇಶ. ಮರುವರ್ಷವೇ ಕೇಂದ್ರದ ಕಾಯಿದೆ ಬಂದು 1920ರದ್ದನ್ನು ಬುಡಸಹಿತ ರದ್ದು ಮಾಡಿತು. ಈಗಲೂ ಕೆಲವರು ಆಕ್ಷೇಪಣೆಯಲ್ಲಿ ಆ ತಿದ್ದುಪಡಿಯನ್ನು ಹಿಡಿದುಕೊಂಡು ಬರುತ್ತಾರೆ, ಅದರಿಂದ ಲಾಭವಿಲ್ಲ. ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆ, 2019 ಎಂದು ಕೇಂದ್ರದ್ದೊಂದಿತ್ತು. ರಾಷ್ಟ್ರೀಯ ಮತ್ತು ಪ್ರಾದೇಶಿಕ ಡಿಎನ್‌ಎ ಬ್ಯಾಂಕು, ಅಪರಾಧಿಗಳಿಗೆ ಬೇರೆ ಸೂಚಿ, ವಿಚಾರಣಾಧೀನರಿಗೆ ಬೇರೆ, ಕಾಣೆಯಾದವರಿಗೆ ಬೇರೆ, ಎಲ್ಲ ಅದರಲ್ಲಿತ್ತು. ಸ್ಥಾಯಿ ಸಮಿತಿಗೆ ಹೋಗಿ ಬಂದು 2023ರ ಜುಲೈಯಲ್ಲಿ ಸರಕಾರವೇ ಹಿಂದಕ್ಕೆ ಪಡೆಯಿತು. ಹಾಗಾಗಿ ಲ್ಯಾಬಿನ ಗುಣಮಟ್ಟ, ಸೂಚಿ, ಹುಡುಕಾಟದ ಷರತ್ತು, ಸೋರಿಕೆಗೆ ದಂಡ, ಈ ಯಾವುದಕ್ಕೂ ಡಿಎನ್‌ಎಗೆಂದೇ ಬರೆದ ಶಾಸನ ನಮ್ಮಲ್ಲಿಲ್ಲ. ತೆಗೆಯುವವನ ಕೈ ಉದ್ದವಾಯಿತು, ಇಟ್ಟುಕೊಳ್ಳುವವನ ಮೇಲೆ ಕಟ್ಟು ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹುಲೇಕಲ್_ಭಟ್

ವಕೀಲರೇ, ಕಲಂ 3ಕ್ಕೆ ಒಂದು ಪರಂತು (ವಿನಾಯಿತಿಯ ಷರತ್ತು) ಇದೆಯಲ್ಲ? ಮಹಿಳೆ ಅಥವಾ ಮಕ್ಕಳ ಮೇಲಿನ ಅಪರಾಧ ಅಲ್ಲದಿದ್ದರೆ, ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವೂ ಅಲ್ಲದಿದ್ದರೆ ಜೈವಿಕ ಮಾದರಿ ಕೊಡಲೇಬೇಕೆಂದಿಲ್ಲ. ಅದನ್ನು ಹಿಡಿದರೆ ಆಗದೇ?

ಕೋಡಿಬಾಗ_ವಕಾಲತ್ತು (ಕಾರವಾರ)

ಭಟ್ರೇ, ಆ ಪರಂತಿನ ಮೊದಲ ಶಬ್ದಗಳನ್ನು ನೋಡಿ: ‘ಬಂಧಿತನಾದ ಯಾವುದೇ ವ್ಯಕ್ತಿ’. ದೋಷಿಗೆ ಅದು ಅನ್ವಯಿಸುವುದಿಲ್ಲ. ಪ್ರಶ್ನೆ ಕೇಳಿದವರ ಕಕ್ಷಿದಾರ ಆ ಹಂತ ದಾಟಿಯಾಗಿದೆ.

ಆದರೆ ಬರೀ ಬಂಧನದ ಹಂತದಲ್ಲಿರುವವರಿಗೆ ಅದು ಒಳ್ಳೆಯ ಅಸ್ತ್ರ. ಉದಾಹರಣೆಗೆ ಐಪಿಸಿ 326ಕ್ಕೆ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಶಿಕ್ಷೆ ಇತ್ತು, ಕನಿಷ್ಠ ಎಂಬುದಿರಲಿಲ್ಲ. ‘ಏಳು ವರ್ಷಕ್ಕೆ ಕಡಿಮೆಯಿಲ್ಲದ’ ಎಂದರೆ ಕನಿಷ್ಠ ಶಿಕ್ಷೆ ಏಳೇ, ಗರಿಷ್ಠ ಏಳು ದಾಟಿದರೆ ಸಾಕೇ? ತನಿಖೆ ವೇಳೆ ಬಂಧನದಲ್ಲಿಡುವ ಅವಧಿಯ ಬಗ್ಗೆ ಸಿಆರ್‌ಪಿಸಿ 167ರಲ್ಲಿದ್ದ ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದ’ ಎಂಬ ಮಾತಿಗೆ 2017ರ ರಾಕೇಶ್ ಕುಮಾರ್ ಪಾಲ್ ವಿರುದ್ಧ ಅಸ್ಸಾಂ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಕನಿಷ್ಠ ಹತ್ತು ಎಂದೇ ಅರ್ಥ ಹೇಳಿದೆ. ಅದೇ ತರ್ಕವನ್ನು ಇಲ್ಲಿಗೂ ತರಬಹುದು. ಠಾಣೆಯವರು ಗರಿಷ್ಠವನ್ನೇ ನೋಡುತ್ತಾರೆ. ಹಾಗಾಗಿ ಲಿಖಿತ ಆಕ್ಷೇಪಣೆ ಮೊದಲೇ ಕೊಟ್ಟಿಡಬೇಕು.

ಪರಂತು ಸಿಕ್ಕಿತೆಂದು ನಿಶ್ಚಿಂತರಾಗುವ ಹಾಗೂ ಇಲ್ಲ. ಕಲಂ 5ರ ಕೆಳಗೆ ತನಿಖೆಗೆ ಅಗತ್ಯ ಎನಿಸಿದರೆ ಮ್ಯಾಜಿಸ್ಟ್ರೇಟರು ಯಾರಿಗೇ ಆದರೂ ಆದೇಶ ಮಾಡಬಹುದು. ಕೊಡದೆ ತಡೆದರೆ ಕಲಂ 6: ಐಪಿಸಿ 186 ಅಪರಾಧ (ಸರಕಾರಿ ನೌಕರನ ಕೆಲಸಕ್ಕೆ ಅಡ್ಡಿ), ಈಗ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ನ 221, ಮೂರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದರ ಮೇಲೆ, ನಿಯಮದಲ್ಲಿ ಹೇಳಿದ ರೀತಿಯಲ್ಲಿ ಮಾದರಿ ತೆಗೆದೇ ತೆಗೆಯಬಹುದು. ಸಂವಿಧಾನದ 20(3) ವಿಧಿಯ ವಾದಕ್ಕೆ 1961ರ ಕಾಥಿ ಕಾಲು ಓಘಡ್ ತೀರ್ಪು ಅಡ್ಡ ಬರುತ್ತದೆ. ಹನ್ನೊಂದು ನ್ಯಾಯಮೂರ್ತಿಗಳ ಪೀಠ ಬೆರಳಚ್ಚು, ಕೈಬರಹಗಳು ತನ್ನ ವಿರುದ್ಧ ತಾನೇ ಹೇಳಿದ ಸಾಕ್ಷ್ಯವಲ್ಲ ಎಂದಿದೆ. ಖಾಸಗಿತನದ ವಾದ 2017ರ ಪುಟ್ಟಸ್ವಾಮಿ ತೀರ್ಪಿನ ಮೇಲೆ ನಿಲ್ಲುತ್ತದೆ. ಆದರೆ ಅದು ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕಿ ಹೇಳುವ ಮಾತು, ಠಾಣೆಯ ಮೆಟ್ಟಿಲ ಮೇಲೆ ಹೇಳುವುದಲ್ಲ.

ಸ್ವ್ಯಾಬ್_ಮಾಸ್ತರ (ಕಾರವಾರ)

ಕಾನೂನು ವಕೀಲರು ಹೇಳಿದ್ದಾರೆ. ಮಾದರಿ ತೆಗೆಯುವುದರ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಅರ್ಧಕ್ಕರ್ಧ ಮಾದರಿ ಹಾಳಾಗುವುದು ಪ್ಯಾಕಿಂಗಿನಲ್ಲಿ.

ಶಿಕ್ಷಿತರ ದಾಖಲೆಗೆ ಕೆನ್ನೆಯ ಒಳಗಿನ ಸ್ವ್ಯಾಬ್ ಸಾಕು, ಸೂಜಿಯೇ ಬೇಡ. ರಕ್ತ ಬೇಕೇ ಬೇಕು ಎಂದರೆ ಕಾರಣ ಕೇಳಿ. ಸ್ಟೆರೈಲ್ ಸ್ವ್ಯಾಬ್ ಎರಡು, ಬಲಗೆನ್ನೆಗೊಂದು ಎಡಗೆನ್ನೆಗೊಂದು. ಒಂದೊಂದನ್ನೂ ಸುಮಾರು ಅರ್ಧ ನಿಮಿಷ ತಿರುಗಿಸುತ್ತಾ ಒತ್ತಿ ಉಜ್ಜಬೇಕು. ಬೇಕಾದದ್ದು ಕೆನ್ನೆಯ ಜೀವಕೋಶ, ಎಂಜಲಿನಲ್ಲಿ ನೆನೆಸಿ ತೆಗೆದರೆ ಇಳುವರಿ ಕಡಿಮೆ. ಅದಕ್ಕೆ ಮೊದಲು ಬಾಯಿ ಮುಕ್ಕಳಿಸಿ ಅರ್ಧ ತಾಸು ಏನೂ ತಿನ್ನದೆ ಕೂರಬೇಕು. ನಮ್ಮ ಕಡೆ ಇದು ಬರೀ ಔಪಚಾರಿಕ ಅಲ್ಲ. ಕವಳ ಹಾಕಿದ ಬಾಯಿಂದ ತೆಗೆದ ಸ್ವ್ಯಾಬ್ ಕೆಂಪಾಗಿ ಬರುತ್ತದೆ. ಅಡಿಕೆ, ಎಲೆ, ತಂಬಾಕಿನ ಪಾಲಿಫಿನಾಲ್‌ಗಳು ಲ್ಯಾಬಿನಲ್ಲಿ ಡಿಎನ್‌ಎ ಪ್ರತಿ ಮಾಡುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತವೆ. ವರದಿಯಲ್ಲಿ ‘ಪ್ರೊಫೈಲ್ ಬರಲಿಲ್ಲ’ ಎಂದು ಬಂದು, ಅದೇ ಮನುಷ್ಯನನ್ನು ಎರಡನೇ ಸಲ ಕರೆಸಬೇಕಾಗುತ್ತದೆ. ಎರಡು ಮೂರು ಸಲ ಚೆನ್ನಾಗಿ ಮುಕ್ಕಳಿಸಿ, ನೀರು ಬಿಳಿಯಾಗಿ ಬಂದ ಮೇಲೆ ಕಾಯಲು ಶುರು ಮಾಡಿ.

ರಕ್ತವೇ ಆದರೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ 2–3 ಮಿಲಿಲೀಟರ್. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಬೇಡ, ಹೆಪಾರಿನ್ ಕೂಡ ಪಿಸಿಆರ್‌ಗೆ ಅಡ್ಡಿ. ತುಂಬಿದ ಕೂಡಲೇ ನಿಧಾನಕ್ಕೆ ಎಂಟು ಹತ್ತು ಸಲ ಮಗುಚಿ, ಕುಲುಕಬೇಡಿ. 4 ಡಿಗ್ರಿ ತಂಪಿನಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಇಟ್ಟು ಕಳಿಸಬೇಕು. ಫ್ರೀಜರಿಗೆ ಹಾಕಿದರೆ ಟ್ಯೂಬು ಬಿರಿದು ಸೋರುವ ಭಯ. ದೂರದ ದಾರಿಗೆ ಎಫ್‌ಟಿಎ ಕಾರ್ಡ್ (ರಕ್ತ ಹೀರಿ ಡಿಎನ್‌ಎ ಕಾಪಾಡುವ ಕಾಗದ) ಎಲ್ಲಕ್ಕಿಂತ ವಾಸಿ. ಒಂದು ವೃತ್ತಕ್ಕೆ 125 ಮೈಕ್ರೋಲೀಟರಿನಷ್ಟು ರಕ್ತ, ಒಣಗಿದ ಮೇಲೆ ಫ್ರಿಜ್ಜೂ ಬೇಡ, ಬರ್ಫವೂ ಬೇಡ.

ಒಣಗಿಸುವುದೇ ಇಲ್ಲಿನ ಸಮಸ್ಯೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರ, ಕುಮಟಾದಲ್ಲಿ ಗಾಳಿಯೇ ಒದ್ದೆ. ಬಯಲುಸೀಮೆಯಲ್ಲಿ ಒಂದು ತಾಸಿಗೆ ಒಣಗುವ ಸ್ವ್ಯಾಬ್ ಇಲ್ಲಿ ಅರ್ಧ ದಿನ ತೆಗೆದುಕೊಳ್ಳಬಹುದು. ಹಸಿ ಇದ್ದಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿದರೆ ಒಳಗೆ ಬೂಸಲು ಬರುತ್ತದೆ, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತುಂಡರಿಸುತ್ತವೆ. ಬಿಸಿಲಿಗೆ ಇಟ್ಟರೆ ಅತಿನೇರಳೆ ಕಿರಣ ಹಾಳು ಮಾಡುತ್ತದೆ, ಹೇರ್ ಡ್ರೈಯರ್ ಹಿಡಿಯುವುದೂ ತಪ್ಪು. ತೂತುಗಳಿರುವ ರಟ್ಟಿನ ಸ್ವ್ಯಾಬ್ ಬಾಕ್ಸಿನಲ್ಲಿ ನಿಲ್ಲಿಸಿ, ಎಸಿ ಕೋಣೆಯಿದ್ದರೆ ಅಲ್ಲಿ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಹೊರಗಿನ ಕವರಿನಲ್ಲಿ ಸಿಲಿಕಾ ಜೆಲ್ ಇಡಿ. ಲಕೋಟೆಯನ್ನು ನಾಲಿಗೆಯಿಂದ ನೆಕ್ಕಿ ಅಂಟಿಸುವ ಅಭ್ಯಾಸ ಇನ್ನೂ ಕೆಲವರಿಗಿದೆ. ಅಲ್ಲಿಗೆ ಅಂಟಿಸಿದವರ ಡಿಎನ್‌ಎಯೂ ಲಕೋಟೆಗೆ ಸೇರಿತು.

ಫಾರ್ಮಿನಲ್ಲಿ ಎರಡು ಪ್ರಶ್ನೆ ಖಾಲಿ ಬಿಡಬೇಡಿ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದಾರೆಯೇ? ಅಸ್ಥಿಮಜ್ಜೆ ಕಸಿ ಆಗಿದೆಯೇ? ಕಸಿಯಾದವರ ರಕ್ತದಲ್ಲಿ ದಾನಿಯ ಪ್ರೊಫೈಲೇ ಕಾಣಿಸುತ್ತದೆ, ಕೆನ್ನೆಯಲ್ಲಿ ಎರಡೂ ಬೆರೆತು ಬರಬಹುದು. ಅಂಥವರಿಗೆ ಬುಡಸಹಿತ ಕಿತ್ತ ಕೂದಲು ಉತ್ತಮ. ಅವಳಿ ಸೋದರರಿದ್ದರೆ ಅದನ್ನೂ ಬರೆಸಿ. ತದ್ರೂಪಿ ಅವಳಿಗಳ ಸಾಮಾನ್ಯ ಪ್ರೊಫೈಲು ಒಂದೇ.

ಪ್ರೊಫೈಲ್ ಎಂದರೆ ಜಾತಕ ಎಂದು ಹೆದರುವವರಿಗೆ: ಡೇಟಾಬೇಸಿಗೆ ಹೋಗುವುದು ಅಂಕಿಗಳ ಜೋಡಿ. ಡಿ3ಎಸ್1358 ಎಂಬ ಜಾಗದಲ್ಲಿ 15, 17 ಎಂಬಂತೆ, ಅಂಥ ಇಪ್ಪತ್ತರ ಮೇಲೆ ಜಾಗಗಳು, ಜೊತೆಗೆ ಗಂಡೋ ಹೆಣ್ಣೋ ಹೇಳುವ ಅಮೆಲೋಜೆನಿನ್. ಕಾಯಿಲೆ ಗುರುತಿಸಲು ಆರಿಸಿದ ಜಾಗಗಳಲ್ಲ ಅವು. ಚಿಂತೆ ಮಾಡಬೇಕಾದದ್ದು ಉಳಿದ ಸ್ವ್ಯಾಬಿನ ಬಗ್ಗೆ, ಅದರಲ್ಲಿ ಪೂರ್ತಿ ಮನುಷ್ಯನೇ ಇದ್ದಾನೆ.

ಠಾಣಾ_ಬರಹ (ಅಂಕೋಲಾ)

ಮಾಸ್ತರು ಬಿಟ್ಟಿದ್ದನ್ನು ಸೇರಿಸುತ್ತೇನೆ. ಶಿಕ್ಷಿತನ ಅಳತೆ ತೆಗೆಯಲು ಪೊಲೀಸರ ಕಡೆಯಿಂದ ಠಾಣಾಧಿಕಾರಿ ಅಥವಾ ಕನಿಷ್ಠ ಹೆಡ್ ಕಾನ್‌ಸ್ಟೆಬಲ್ ದರ್ಜೆ ಬೇಕು, ಜೈಲಿನಲ್ಲಾದರೆ ಹೆಡ್ ವಾರ್ಡರ್. ನಿಯಮಗಳ ಪ್ರಕಾರ ಅಧಿಕೃತ ಬಳಕೆದಾರ (ದಾಖಲೆ ವ್ಯವಸ್ಥೆ ಬಳಸಲು ಅಧಿಕಾರ ಪಡೆದ ಪೊಲೀಸ್ ಅಥವಾ ಜೈಲು ಅಧಿಕಾರಿ), ಆ ಕೆಲಸ ಬಲ್ಲವರು ಅಥವಾ ನೋಂದಾಯಿತ ವೈದ್ಯರು ತೆಗೆಯಬಹುದು. ರಕ್ತವನ್ನು ಠಾಣೆಯಲ್ಲಿ ತೆಗೆಸಿಕೊಳ್ಳಬೇಡಿ, ಕಾರವಾರದಲ್ಲಾದರೆ ಕ್ರಿಮ್ಸ್ (ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ತಾಲ್ಲೂಕಿನಲ್ಲಾದರೆ ತಾಲ್ಲೂಕು ಆಸ್ಪತ್ರೆ ಎಂದು ಕೇಳಿ.

ಅತ್ಯಾಚಾರ ಪ್ರಕರಣದ ಆರೋಪಿಯ ಪರೀಕ್ಷೆಗೆ ಬಿಎನ್‌ಎಸ್‌ಎಸ್ 52ರಲ್ಲಿ ಬೇರೆ ಕಟ್ಟಳೆ ಇದೆ. ಸರಕಾರಿ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯ ವೈದ್ಯರೇ ಆಗಬೇಕು, ಕೃತ್ಯ ನಡೆದ ಜಾಗದಿಂದ 16 ಕಿಲೋಮೀಟರಿನೊಳಗೆ ಅಂಥವರಿಲ್ಲದಿದ್ದರೆ ಮಾತ್ರ ಬೇರೆ ನೋಂದಾಯಿತ ವೈದ್ಯರು. ಜೋಯಿಡಾದ ಒಳಹಳ್ಳಿಗಳಲ್ಲಿ ಈ ದೂರದ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಶುರುವಾದ ಸಮಯ, ಮುಗಿದ ಸಮಯ ಎರಡೂ ವರದಿಯಲ್ಲಿರಬೇಕು.

ಪ್ರಕರಣದ ಡಿಎನ್‌ಎ ಮಾದರಿಗೆ 2025ರ ಜುಲೈ 15ರ ಕಟ್ಟವೆಳ್ಳೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿದೆ. ಪ್ಯಾಕೆಟಿನ ದಾಖಲೆಯಲ್ಲಿ ಎಫ್‌ಐಆರ್ ಸಂಖ್ಯೆ, ದಿನಾಂಕ, ಕಲಂ, ಠಾಣೆ, ತನಿಖಾಧಿಕಾರಿಯ ವಿವರ, ಕ್ರಮಸಂಖ್ಯೆ. ವೈದ್ಯರು, ತನಿಖಾಧಿಕಾರಿ, ಸ್ವತಂತ್ರ ಸಾಕ್ಷಿಗಳ ಸಹಿ. ತೆಗೆದ 48 ತಾಸಿನೊಳಗೆ ಲ್ಯಾಬ್ ಮುಟ್ಟಬೇಕು, ತಡವಾದರೆ ಕಾರಣ ಕೇಸ್ ಡೈರಿಯಲ್ಲಿ ಬರಬೇಕು. ವಿಚಾರಣಾ ನ್ಯಾಯಾಲಯದ ಅನುಮತಿ ಇಲ್ಲದೆ ಪ್ಯಾಕೆಟು ಮತ್ತೆ ತೆರೆಯುವಂತಿಲ್ಲ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ರಿಜಿಸ್ಟರು ಕೊನೆಯ ತೀರ್ಪಿನವರೆಗೆ ಇರಬೇಕು. ನಿಮ್ಮ ಕಕ್ಷಿದಾರರದು ಪ್ರಕರಣದ ಮಾದರಿಯಲ್ಲ, ಆದರೂ ಇದೇ ಅಳತೆಗೋಲು ಹಿಡಿಯಿರಿ, ಬೇಡ ಎನ್ನುವವರು ಯಾರೂ ಇಲ್ಲ.

ಕಾರವಾರದಿಂದ ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಐನೂರು ಕಿಲೋಮೀಟರಿನ ಮೇಲೆ. ಶುಕ್ರವಾರ ಸಂಜೆ ತೆಗೆದರೆ, ಮುಂದೆ ಎರಡನೇ ಶನಿವಾರ ಬಂದರೆ, 48 ತಾಸು ಮುಗಿದೇ ಹೋಯಿತು. ಮಳೆಗಾಲದಲ್ಲಿ ಅರಬೈಲ್ ಅಥವಾ ದೇವಿಮನೆ ಘಟ್ಟ ಬಂದ್ ಆದರೆ ಇನ್ನೂ ಕಷ್ಟ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಇರಲಿಲ್ಲ. ತುರ್ತಿಲ್ಲದ ಮಾದರಿಯನ್ನು ಸೋಮವಾರವೋ ಮಂಗಳವಾರವೋ ತೆಗೆಯಿರಿ. ಪ್ರಾದೇಶಿಕ ಲ್ಯಾಬಿಗೆ ಕಳಿಸುವುದಾದರೆ ಅಲ್ಲಿ ಡಿಎನ್‌ಎ ತೆಗೆದುಕೊಳ್ಳುತ್ತಾರೋ ಎಂದು ಮೊದಲೇ ಫೋನ್ ಮಾಡಿ ಕೇಳಿ. ಅರಗಿನ ಮೊಹರಿನ ಮಾದರಿ ಬೇರೆ ಕಾಗದದ ಮೇಲೆ ಜೊತೆಗೆ ಹೋಗಬೇಕು. ಅದು ಇಲ್ಲ, ಅಥವಾ ಪಿ.ಎಫ್. (ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ನಂಬರಿಗೂ ಪ್ಯಾಕೆಟಿನ ನಂಬರಿಗೂ ತಾಳೆಯಿಲ್ಲ ಎಂಬ ಕಾರಣಕ್ಕೇ ಪೇದೆಗಳು ಗಂಟು ಹೊತ್ತು ವಾಪಸು ಬರುವುದು.

ಶರಾವತಿ_ದಂಡೆ (ಹೊನ್ನಾವರ)

ಅಮೆರಿಕದ ಮಾತು ಬಂದಿದ್ದರಿಂದ ಬರೆಯುತ್ತೇನೆ. ಅಲ್ಲಿ ಕ್ರಿಮಿನಲ್ ಕಾನೂನು ಬಹುಪಾಲು ರಾಜ್ಯಗಳದ್ದು, ಹಾಗಾಗಿ ಬ್ಯಾಂಕೂ ರಾಜ್ಯಗಳಿಂದ ಮೇಲಕ್ಕೆ ಬೆಳೆಯಿತು. ವರ್ಜೀನಿಯಾ 1989ರಲ್ಲೇ ಕಾಯಿದೆ ಮಾಡಿ, ಬೇಗನೆ ಎಲ್ಲ ಫೆಲನಿ (ಗಂಭೀರ ವರ್ಗದ ಅಪರಾಧ) ಅಪರಾಧಿಗಳಿಗೂ ವಿಸ್ತರಿಸಿತು. 1994ರ ಫೆಡರಲ್ ಕಾಯಿದೆ ಎಫ್‌ಬಿಐಗೆ ರಾಷ್ಟ್ರೀಯ ಸೂಚಿ ನಡೆಸುವ ಅಧಿಕಾರ ಕೊಟ್ಟಿತು, ಸೂಚಿ ಶುರುವಾದದ್ದು 1998ರಲ್ಲಿ. ಮೊದಲು 13 ಜಾಗ ಹೋಲಿಸುತ್ತಿದ್ದರು, 2017ರಿಂದ 20.

ಈಗ ಐವತ್ತೂ ರಾಜ್ಯಗಳು ಫೆಲನಿ ಅಪರಾಧಿಗಳ ಮಾದರಿ ತೆಗೆಯುತ್ತವೆ. ವ್ಯತ್ಯಾಸ ಇರುವುದು ಅದರಾಚೆ. ನ್ಯೂಯಾರ್ಕ್ 2012ರಲ್ಲಿ ಸಣ್ಣ ಅಪರಾಧಗಳಿಗೂ ವಿಸ್ತರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2004ರ ಜನಮತದಿಂದ ಬಂದ ಕಾಯಿದೆ 2009ರಿಂದ ಫೆಲನಿಗೆ ಬಂಧಿತರಾದ ವಯಸ್ಕರನ್ನೂ ಸೇರಿಸಿಕೊಂಡಿತು. ಬಂಧನದ ಹಂತದಲ್ಲೇ ಕೆನ್ನೆಯ ಸ್ವ್ಯಾಬ್ ತೆಗೆಯುವುದು ಸರಿಯೇ ಎಂಬ ಪ್ರಶ್ನೆಗೆ 2013ರ ಮೇರಿಲ್ಯಾಂಡ್ ವಿರುದ್ಧ ಕಿಂಗ್ ತೀರ್ಪಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಗಂಭೀರ ಅಪರಾಧಕ್ಕಾದರೆ ಸರಿ ಎಂದು 5–4ರಲ್ಲಿ ಹೇಳಿತು. ಸಂಬಂಧಿಕರ ಮೂಲಕ ಹುಡುಕುವುದನ್ನು, ಅಂದರೆ ಅರ್ಧಂಬರ್ಧ ತಾಳೆಯಾದ ಪ್ರೊಫೈಲಿನಿಂದ ಅಣ್ಣನೋ ಮಗನೋ ಎಂದು ಊಹಿಸುವುದನ್ನು, ಮೇರಿಲ್ಯಾಂಡ್ ಕಾಯಿದೆಯಲ್ಲೇ ನಿಷೇಧಿಸಿದೆ, ಕ್ಯಾಲಿಫೋರ್ನಿಯಾ ಬಳಸುತ್ತದೆ. ನಮ್ಮ 2022ರ ಕಾಯಿದೆಯಲ್ಲಿ ಈ ವಿಷಯವೇ ಇಲ್ಲ.

ಅಲ್ಲಿನ ಒಂದು ರೂಢಿ ಇಲ್ಲೂ ಕೇಳಿ ಪಡೆಯುವಂಥದ್ದು. ಡೇಟಾಬೇಸಿನಲ್ಲಿ ಪ್ರೊಫೈಲು ತಾಳೆಯಾದರೆ ಅದು ತನಿಖೆಗೆ ಸುಳಿವು ಮಾತ್ರ. ಆ ವ್ಯಕ್ತಿಯಿಂದ ಹೊಸದಾಗಿ ಮಾದರಿ ತೆಗೆದು, ಸ್ಥಳದ ಮಾದರಿಯೊಂದಿಗೆ ಮತ್ತೆ ಹೋಲಿಸಿದ ವರದಿಯೇ ಕೋರ್ಟಿಗೆ ಹೋಗುತ್ತದೆ. ಹಳೆಯ ಮಾದರಿಯ ಮೇಲೆ ತಪ್ಪು ಹೆಸರು ಅಂಟಿಸಿದ್ದರೆ ಸಿಕ್ಕಿಬೀಳುವುದು ಈ ಎರಡನೇ ಸುತ್ತಿನಲ್ಲಿ.

ಮರಾಠಿಕೊಪ್ಪ_ಜೂನಿಯರ್ (ಶಿರಸಿ)

ಎಲ್ಲರಿಗೂ ಉಪಕಾರ. ಕೋಡಿಬಾಗದ ವಕೀಲರೇ, ಖುಲಾಸೆಯಾದ ಮೇಲೆ ಅಳಿಸುವ ವಿಚಾರ ಉಳಿಯಿತು. ಅರ್ಜಿ ಯಾರಿಗೆ?

ಕೋಡಿಬಾಗ_ವಕಾಲತ್ತು (ಕಾರವಾರ)

ಕಲಂ 4ರ ಪ್ರಕಾರ ದಾಖಲೆ ಎನ್‌ಸಿಆರ್‌ಬಿಯಲ್ಲಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ), ತೆಗೆದ ದಿನದಿಂದ 75 ವರ್ಷ. ಮೂವತ್ತರ ಹುಡುಗನದಾದರೆ ಅವನಿಗೆ ನೂರೈದು ಆಗುವವರೆಗೆ. ಶಿಕ್ಷೆ ಅನುಭವಿಸಿ ಬಂದರೂ ಅದರಲ್ಲಿ ಕಡಿತವಿಲ್ಲ.

ನಾಶಕ್ಕೆ ದಾರಿ ಒಂದೇ ಪರಂತು. ವಿಚಾರಣೆಯಿಲ್ಲದೆ ಬಿಡುಗಡೆ, ಡಿಸ್ಚಾರ್ಜ್ (ಆರೋಪ ಹೊರಿಸುವ ಮೊದಲೇ ಕೈಬಿಡುವುದು) ಅಥವಾ ಖುಲಾಸೆ ಆಗಿರಬೇಕು. ಎಲ್ಲ ಕಾನೂನು ಪರಿಹಾರಗಳೂ ಮುಗಿದಿರಬೇಕು. ಹಿಂದೆ ಜೈಲು ಶಿಕ್ಷಾರ್ಹ ಅಪರಾಧದಲ್ಲಿ ದೋಷಿಯಾಗಿರಬಾರದು. ಇಷ್ಟಿದ್ದೂ ಕೋರ್ಟು ಕಾರಣ ಬರೆದು ಇಟ್ಟುಕೊಳ್ಳಿ ಎನ್ನಬಹುದು. ‘ಪರಿಹಾರ ಮುಗಿದಿರಬೇಕು’ ಎಂಬಲ್ಲೇ ಅರ್ಜಿಗಳು ಬೀಳುವುದು. ಸೆಷನ್ಸ್‌ನಲ್ಲಿ ಖುಲಾಸೆಯಾದ ಮಾರನೇ ದಿನ ಅರ್ಜಿ ಹಾಕಿದರೆ ಸರಕಾರದ ಅಪೀಲಿನ ಅವಧಿ ಬಾಕಿ ಇರುತ್ತದೆ. ಬಿಎನ್‌ಎಸ್‌ಎಸ್ 419ರ ಕೆಳಗೆ ಹೈಕೋರ್ಟಿಗೆ ಹೋಗಲು ಸರಕಾರಕ್ಕೆ 90 ದಿನ. ಅದು ಕಳೆದ ಮೇಲೆ ಧಾರವಾಡ ಪೀಠದಲ್ಲಿ ಅಪೀಲು ದಾಖಲಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಾಕಿ.

ಅರ್ಜಿ ಹೋಗಬೇಕಾದದ್ದು ರಾಜ್ಯ ಸರಕಾರ ನೇಮಿಸಿದ ನೋಡಲ್ ಅಧಿಕಾರಿಗೆ. ಬೇರೆ ಪ್ರಕರಣದ ನಂಟಿಲ್ಲ ಎಂದು ಪರಿಶೀಲಿಸಿ ಅವರು ಎನ್‌ಸಿಆರ್‌ಬಿಗೆ ಶಿಫಾರಸು ಮಾಡುತ್ತಾರೆ. ಹುದ್ದೆ ಮತ್ತು ವಿಳಾಸವನ್ನು ಕಾರವಾರದ ಎಸ್ಪಿ ಕಚೇರಿಯಿಂದ ಬರಹದಲ್ಲಿ ಪಡೆಯಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಎನ್‌ಸಿಆರ್‌ಬಿಗೇ ನೇರ ಪತ್ರ ಬರೆದರೆ ತಿರುಗಿ ರಾಜ್ಯಕ್ಕೇ ಬರುತ್ತದೆ, ತಿಂಗಳುಗಳು ಹೋಗುತ್ತವೆ. ಅರ್ಜಿಯಲ್ಲಿ ಎನ್‌ಸಿಆರ್‌ಬಿಯ ದಾಖಲೆ ಮಾತ್ರವಲ್ಲ, ಕಲಂ 4(3)ರ ಕೆಳಗೆ ರಾಜ್ಯ ಅಧಿಸೂಚಿಸಿದ ಸಂಸ್ಥೆಯ ಬಳಿ ಇರುವ ಪ್ರತಿ, ಲ್ಯಾಬಿನಲ್ಲಿ ಉಳಿದ ಸ್ವ್ಯಾಬು, ಠಾಣೆಯ ನಕಲು, ಇವನ್ನೂ ಹೆಸರಿಸಿ ನಾಶಕ್ಕೆ ಕೇಳಿ.

ಸದ್ಯಕ್ಕೆ ಮಾಡಬೇಕಾದದ್ದು ಬೇರೆ. ಫೋನಿನ ಮೇಲೆ ಹೋಗಬೇಡಿ, ಯಾವ ಕಲಮಿನ ಕೆಳಗೆ, ಯಾವ್ಯಾವ ಅಳತೆ, ಯಾವ ದರ್ಜೆಯ ಅಧಿಕಾರಿ ಎಂದು ಬರೆದ ನೋಟಿಸು ಕೇಳಿ. ಅಪೀಲು ಬಾಕಿ ಇದೆ, ಹಕ್ಕು ಕಾಯ್ದಿರಿಸಿ ಕೊಡುತ್ತಿದ್ದೇನೆ ಎಂಬ ಪತ್ರವನ್ನು ಮಾದರಿಯ ಜೊತೆಗೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಸ್ವ್ಯಾಬಿನ ಪ್ಯಾಕೆಟಿನ ಕ್ರಮಸಂಖ್ಯೆಯನ್ನೂ ಅದೇ ಪ್ರತಿಯ ಮೇಲೆ ಬರೆಸಿ. ಅಪೀಲು ವಾದ ಮಾಡುವ ದಿನ, ಖುಲಾಸೆಯಾದಲ್ಲಿ 2022ರ ಕಾಯಿದೆಯ ಕಲಂ 4ರಂತೆ ದಾಖಲೆ ನಾಶಪಡಿಸಬೇಕು ಎಂಬ ಒಂದು ಸಾಲನ್ನು ಆದೇಶದಲ್ಲಿ ಸೇರಿಸಲು ಕೇಳಿ. ತೀರ್ಪಿನ ದೃಢೀಕೃತ ನಕಲು ಎರಡು ಸೆಟ್ ತೆಗೆಸಿ. ಒಂದು ನೋಡಲ್ ಅಧಿಕಾರಿಗೆ ಹೋಗುತ್ತದೆ, ಇನ್ನೊಂದು ಮುಂದೆ ರಿಟ್ ಬೇಕಾದರೆ ಕೈಯಲ್ಲಿರುತ್ತದೆ.